ಮಾಕ್ ಟೆಸ್ಟ್ ಬರೆದರೂ ಅಂಕ ಏರುತ್ತಿಲ್ಲವೇ? ನೀಟ್, ಸಿಇಟಿಗೆ ಅಭ್ಯಾಸ ಪರೀಕ್ಷೆಗಳನ್ನು ಬಳಸುವ ಕ್ರಮ

ಮೊದಲ ಮಾಕ್ ಟೆಸ್ಟ್‌ನಲ್ಲಿ 720ಕ್ಕೆ 430, ಐದನೆಯದರಲ್ಲಿ 445, ಹನ್ನೆರಡನೆಯದರಲ್ಲಿ ಮತ್ತೆ 435. ಹೀಗೆ ಒಂದೇ ಜಾಗದಲ್ಲಿ ಸುತ್ತುವವರು ಸೋಮಾರಿಗಳೇನಲ್ಲ. ಟೆಸ್ಟ್ ಮುಗಿದ ಕೂಡಲೇ ಕೀ ಉತ್ತರ ನೋಡುತ್ತಾರೆ, ಅಂಕ ಕೂಡಿಸುತ್ತಾರೆ, ಒಂದಿಷ್ಟು ಹೊತ್ತು ಬೇಸರ ಮಾಡಿಕೊಳ್ಳುತ್ತಾರೆ, ಮರುದಿನ ಇನ್ನೊಂದು ಪತ್ರಿಕೆ ತೆರೆಯುತ್ತಾರೆ. ತೊಂದರೆ ಇರುವುದು ಇಲ್ಲೇ. ಟೆಸ್ಟ್ ಬರೆಯುವಾಗ ನಿಮಗೆ ಏನು ಬರುವುದಿಲ್ಲ ಎಂಬುದು ಗೊತ್ತಾಗುತ್ತದೆ, ಅಷ್ಟೇ. ಅದನ್ನು ಬರುವ ಹಾಗೆ ಮಾಡಿಕೊಳ್ಳುವ ಕೆಲಸ ಟೆಸ್ಟ್ ಮುಗಿದ ಮೇಲೆ ಶುರುವಾಗುತ್ತದೆ.

ಈ ಮಾರ್ಗದರ್ಶಿ ಮುಖ್ಯವಾಗಿ ನೀಟ್ ಮತ್ತು ಕರ್ನಾಟಕ ಸಿಇಟಿ ಬರೆಯುವವರಿಗೆ. ಕಂಪ್ಯೂಟರ್ ಮೇಲೆ ನಡೆಯುವ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೇನ್‌ಗೆ ಬದಲಾಗುವ ನಾಲ್ಕು ಮಾತು ಹಂತ 8ರಲ್ಲಿವೆ.

ಬೇಕಾಗುವ ಸಾಮಗ್ರಿ

ಮುದ್ರಿತ ಪ್ರಶ್ನೆಪತ್ರಿಕೆ ಬೇಕು. ಮೊಬೈಲ್ ಪರದೆಯ ಮೇಲೆ ಪಿಡಿಎಫ್ ತೆರೆದು ಬರೆದ ಟೆಸ್ಟ್ ಓಎಂಆರ್ (ಉತ್ತರದ ವೃತ್ತಗಳನ್ನು ಪೆನ್ನಿನಿಂದ ತುಂಬುವ ಹಾಳೆ) ಪರೀಕ್ಷೆಗೆ ಅಭ್ಯಾಸವಾಗುವುದಿಲ್ಲ: ಪುಟ ತಿರುಗಿಸುವುದು, ಅಂಚಿನಲ್ಲಿ ಲೆಕ್ಕ ಮಾಡುವುದು, ಪುಸ್ತಿಕೆಯಿಂದ ಓಎಂಆರ್‌ಗೆ ಕಣ್ಣು ಹಾಯಿಸುವುದು, ಇವಕ್ಕೆಲ್ಲ ಸಮಯ ಹಿಡಿಯುತ್ತದೆ. ಖಾಲಿ ಓಎಂಆರ್ ಹಾಳೆಯ 15-20 ಜೆರಾಕ್ಸ್ ಪ್ರತಿ ಮಾಡಿಸಿಕೊಳ್ಳಿ. ನೀಟ್‌ಗೆ 180 ಪ್ರಶ್ನೆಯದ್ದು ಬೇರೆ, ಸಿಇಟಿಗೆ 60 ಪ್ರಶ್ನೆಯದ್ದು ಬೇರೆ.

ಪೆನ್ನು ಸಾಧಾರಣ ಕಪ್ಪು ಬಾಲ್‌ಪಾಯಿಂಟ್ ಆಗಿರಲಿ. ನೀಟ್‌ನಲ್ಲಿ ಪೆನ್ ಕೇಂದ್ರದಲ್ಲೇ ಕೊಡುತ್ತಾರೆ, ಮನೆಯ ಜೆಲ್ ಪೆನ್ನಿನ ನುಣುಪು ಅಲ್ಲಿ ಸಿಗುವುದಿಲ್ಲ. ಕೈಗಡಿಯಾರಕ್ಕೂ ಅವಕಾಶ ಇಲ್ಲದ ಕಾರಣ ಗೋಡೆ ಗಡಿಯಾರ ನೋಡಿ ಸಮಯ ಲೆಕ್ಕ ಹಾಕುವುದನ್ನು ಈಗಲೇ ರೂಢಿ ಮಾಡಿಕೊಳ್ಳಿ. ಫೋನಿನ ಟೈಮರ್ ಬೇಡ. ಕೊನೆಯದಾಗಿ 200 ಪುಟದ ಒಂದು ನೋಟ್‌ಬುಕ್. ಅದೇ ನಿಮ್ಮ ತಪ್ಪುಗಳ ಪುಸ್ತಕ, ಉಳಿದೆಲ್ಲಕ್ಕಿಂತ ಮುಖ್ಯವಾದದ್ದು.

ಹಂತ 1: ಪತ್ರಿಕೆಗಳನ್ನು ವಿಂಗಡಿಸಿ, ಕೆಲವನ್ನು ಮುಟ್ಟದೆ ಇಡಿ

ಹಿಂದಿನ ವರ್ಷಗಳ ನಿಜವಾದ ಪತ್ರಿಕೆಗಳು ಲೆಕ್ಕದಷ್ಟೇ ಇವೆ. ಅವಕ್ಕೆ ಸಮನಾದ ಮಾಕ್ ಪತ್ರಿಕೆಯನ್ನು ಯಾರೂ ತಯಾರಿಸಿಲ್ಲ. ಖಾಸಗಿ ಟೆಸ್ಟ್ ಸಿರೀಸ್‌ಗಳು ಕೆಲವು ವಿಪರೀತ ಕಠಿಣ, ಕೆಲವು ಪಠ್ಯಪುಸ್ತಕದ ಸಾಲನ್ನೇ ಪ್ರಶ್ನೆಯಾಗಿಸಿದಷ್ಟು ಸುಲಭ. ಹೀಗಿರುವಾಗ ಸೆಪ್ಟೆಂಬರ್‌ನಲ್ಲೇ, ಅರ್ಧ ಪಠ್ಯಕ್ರಮ ಮುಗಿಯುವ ಮೊದಲು, ಹತ್ತು ವರ್ಷದ ನಿಜ ಪತ್ರಿಕೆಗಳನ್ನೆಲ್ಲ ಬಿಡಿಸಿ ಮುಗಿಸುವುದು ಬಿತ್ತನೆ ಬೀಜವನ್ನು ಅಟ್ಟು ಉಂಡ ಹಾಗೆ.

ಮೂರು ಕಟ್ಟು ಮಾಡಿ. ಇತ್ತೀಚಿನ ಮೂರು ವರ್ಷದ ಪತ್ರಿಕೆಗಳನ್ನು ಮುದ್ರಿಸಿ, ಲಕೋಟೆಯಲ್ಲಿ ಹಾಕಿ ಅಂಟಿಸಿಡಿ. ಅವು ಕೊನೆಯ ತಿಂಗಳಿಗೆ. ಅದಕ್ಕಿಂತ ಹಳೆಯ ನಾಲ್ಕೈದು ವರ್ಷದ ಪತ್ರಿಕೆಗಳು ಪೂರ್ಣ ಮಾಕ್‌ಗೆ. ಇನ್ನೂ ಹಳೆಯವನ್ನು ಅಧ್ಯಾಯವಾರು ಬಿಡಿಸಿಕೊಂಡು ಅಭ್ಯಾಸಕ್ಕೆ ಬಳಸಿ. ಸಿಇಟಿಯ ಹಳೆಯ ಪತ್ರಿಕೆ ಮತ್ತು ಕೀ ಉತ್ತರಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲೇ ಸಿಗುತ್ತವೆ. ಗೈಡುಗಳಲ್ಲಿ ಅಚ್ಚಾದ ಕೀ ಉತ್ತರಗಳಲ್ಲಿ ತಪ್ಪುಗಳು ಇರುತ್ತವೆ, ಅನುಮಾನ ಬಂದರೆ ಅಧಿಕೃತ ಕೀಯನ್ನೇ ನಂಬಿ.

ಹಳೆಯ ಪತ್ರಿಕೆಯನ್ನು ಇದ್ದ ಹಾಗೇ ಬಳಸಿದರೆ ಲೆಕ್ಕ ತಪ್ಪುವ ಎರಡು ಕಡೆಗಳಿವೆ.

ನೀಟ್ 2021ರಿಂದ 2024ರವರೆಗೆ 200 ಪ್ರಶ್ನೆ ಕೊಟ್ಟು 180ಕ್ಕೆ ಉತ್ತರಿಸಲು ಹೇಳುತ್ತಿತ್ತು. ಪ್ರತಿ ವಿಷಯದ ‘ಬಿ’ ವಿಭಾಗದಲ್ಲಿ 15ರಲ್ಲಿ 10 ಆಯ್ದುಕೊಳ್ಳಬಹುದಿತ್ತು. 2025ರಲ್ಲಿ ಆ ಆಯ್ಕೆ ಹೋಯಿತು: 180 ಪ್ರಶ್ನೆ, 180 ನಿಮಿಷ, 720 ಅಂಕ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಆದ್ದರಿಂದ ಆ ನಾಲ್ಕು ವರ್ಷದ ಪತ್ರಿಕೆ ಬರೆಯುವಾಗ ‘ಬಿ’ ವಿಭಾಗದ ಮೊದಲ ಹತ್ತನ್ನೇ ಕಡ್ಡಾಯವಾಗಿ ಬರೆಯಿರಿ, ಉಳಿದ ಐದನ್ನು ಗೀಟು ಹಾಕಿ. ಸುಲಭವಾದ ಹತ್ತನ್ನು ಆಯ್ದುಕೊಂಡು ಬಂದ ಅಂಕ ಹುಸಿ ಧೈರ್ಯ ಕೊಡುತ್ತದೆ.

ಎರಡನೆಯದು 2024ರ ಸಿಇಟಿ. ಪಠ್ಯಕ್ರಮದ ಆಚೆಗಿನ 50 ಪ್ರಶ್ನೆಗಳನ್ನು ಆಮೇಲೆ ಮೌಲ್ಯಮಾಪನದಿಂದ ಕೈಬಿಡಲಾಯಿತು. ಆ ಪತ್ರಿಕೆ ಬಿಡಿಸುವವರು ಅಂತಿಮ ಕೀ ಇಟ್ಟುಕೊಂಡು, ಕೈಬಿಟ್ಟ ಪ್ರಶ್ನೆಗಳನ್ನು ಮೊದಲೇ ಯಾರಿಂದಾದರೂ ಹೊಡೆಸಿಹಾಕಿಸಿ. ಇಲ್ಲದಿದ್ದರೆ ಓದದೇ ಇರುವ ಪಾಠದ ಪ್ರಶ್ನೆ ಕಂಡು ಸುಮ್ಮನೆ ಎದೆಗುಂದುತ್ತೀರಿ.

ನೀವು ಬರೆಯುವ ವರ್ಷದ ಮಾಹಿತಿ ಪುಸ್ತಿಕೆ ಬಂದ ದಿನವೇ ಪ್ರಶ್ನೆಗಳ ಸಂಖ್ಯೆ, ಅವಧಿ, ಅಂಕ ಕೊಡುವ ರೀತಿ ಮೂರನ್ನೂ ನೋಡಿ. ಬದಲಾಗಿದ್ದರೆ ಮಾಕ್‌ಗಳೂ ಬದಲಾಗಬೇಕು.

ಹಂತ 2: ಎಷ್ಟು ಟೆಸ್ಟ್, ಯಾವಾಗ

ಸಿಇಟಿ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ, ನೀಟ್ ಮೇ ಮೊದಲ ವಾರದ ಆಸುಪಾಸಿನಲ್ಲಿ ಬರುತ್ತದೆ. ಅದಕ್ಕೆ ಮೊದಲು ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆ. ಸಿಇಟಿ ಎಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಪಿಯುಸಿ ಅಂಕಕ್ಕೂ ಅರ್ಧ ಪಾಲಿದೆ ಎಂಬುದನ್ನು ಮರೆತು ಜನವರಿಯಿಂದಲೇ ವಾರಕ್ಕೆ ಮೂರು ಮಾಕ್ ಬರೆಯುವವರು ಎರಡೂ ಕಡೆ ಕಳೆದುಕೊಳ್ಳುತ್ತಾರೆ.

ನವೆಂಬರ್‌ವರೆಗೆ ಪೂರ್ಣ ಮಾಕ್ ಒಂದು ಸಾಕು, ಎಲ್ಲಿದ್ದೇವೆ ಎಂದು ತಿಳಿಯುವುದಕ್ಕೆ. ಉಳಿದಂತೆ ಪಾಠ ಮುಗಿದ ಹಾಗೆ 30-45 ಪ್ರಶ್ನೆಗಳ ಅಧ್ಯಾಯ ಪರೀಕ್ಷೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹದಿನೈದು ದಿನಕ್ಕೊಂದು ಪೂರ್ಣ ಮಾಕ್. ವಾರ್ಷಿಕ ಪರೀಕ್ಷೆಯ ನಡುವೆ ಏನೂ ಬೇಡ. ಅದು ಮುಗಿದ ಮೇಲೆ ವಾರಕ್ಕೆ ಎರಡು. ಒಟ್ಟು 12ರಿಂದ 15 ಪೂರ್ಣ ಟೆಸ್ಟ್ ಆಗುತ್ತದೆ. ‘ನಲವತ್ತು ಗ್ರ್ಯಾಂಡ್ ಟೆಸ್ಟ್’ ಎಂದು ಬರೆದ ಪ್ಯಾಕೇಜು ಕೊಂಡಿದ್ದರೂ ನಲವತ್ತನ್ನೂ ಬರೆಯಬೇಕೆಂಬ ಹರಕೆಯೇನಿಲ್ಲ.

ಎರಡು ಪೂರ್ಣ ಮಾಕ್‌ಗಳ ನಡುವೆ ಕನಿಷ್ಠ ಎರಡು ಪೂರ್ತಿ ದಿನ ಇರಲಿ. ಅಷ್ಟು ಅಂತರ ಇಲ್ಲದಿದ್ದರೆ ಪರಿಶೀಲನೆ ಆಗುವುದಿಲ್ಲ, ಪರಿಶೀಲನೆ ಆಗದಿದ್ದರೆ ಮುಂದಿನ ಟೆಸ್ಟ್‌ನಲ್ಲಿ ಅದೇ ತಪ್ಪು ಕೈಗೆ ಬರುತ್ತದೆ.

ಹಂತ 3: ಪರೀಕ್ಷೆ ನಡೆಯುವ ಹೊತ್ತಿಗೇ ಬರೆಯಿರಿ

ನೀಟ್ ಮಧ್ಯಾಹ್ನ 2ರಿಂದ 5ರವರೆಗೆ. ಊಟ ಮಾಡಿ ಕಣ್ಣು ಎಳೆಯುವ ಹೊತ್ತು. ಬೆಳಗಿನ ಆರಕ್ಕೆ ತಣ್ಣಗೆ ಕೂತು ಬರೆದ ಮಾಕ್‌ನ ಅಂಕವನ್ನು ಆ ಹೊತ್ತಿನಲ್ಲಿ ನಿರೀಕ್ಷಿಸಬೇಡಿ. ಪಿಯುಸಿ ಪರೀಕ್ಷೆ ಮುಗಿದ ಮೇಲಿನ ಎಲ್ಲ ನೀಟ್ ಮಾಕ್‌ಗಳೂ 2 ಗಂಟೆಗೇ ಶುರುವಾಗಲಿ. ಊಟ 12.30ರೊಳಗೆ ಮುಗಿಯಲಿ, ಪರೀಕ್ಷೆಯ ದಿನ ಹೇಗಿದ್ದರೂ ಬೇಗ ಕೇಂದ್ರದ ಒಳಗೆ ಹೋಗಿಬಿಡಬೇಕು.

ಸಿಇಟಿಯ ಕಥೆ ಬೇರೆ. ಒಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, ಒಟ್ಟು 80 ನಿಮಿಷ. ಆದರೆ ಉತ್ತರಿಸಲು ಸಿಗುವುದು 70 ನಿಮಿಷ, ಉಳಿದ ಹೊತ್ತು ವಿವರ ತುಂಬುವುದಕ್ಕೆ ಹೋಗುತ್ತದೆ. ಟೈಮರನ್ನು 80ಕ್ಕೆ ಇಟ್ಟುಕೊಂಡು ಅಭ್ಯಾಸ ಮಾಡಿದವರು ಗಣಿತದ ಪತ್ರಿಕೆಯಲ್ಲಿ ಕೊನೆಯ ಎಂಟು ಪ್ರಶ್ನೆ ಬಿಟ್ಟು ಬರುತ್ತಾರೆ. ದಿನಕ್ಕೆ ಎರಡು ಪತ್ರಿಕೆ, ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ಮಾಕ್ ಕೂಡ ಹಾಗೇ ಇರಲಿ: 10.30ಕ್ಕೆ ಒಂದು, 2.30ಕ್ಕೆ ಇನ್ನೊಂದು. ಯಾವ ವಿಷಯ ಯಾವ ದಿನ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಜೋಡಿಯನ್ನೂ ಬದಲಿಸಿ ನೋಡಿ. ಬೆಳಗಿನ ಪತ್ರಿಕೆಯ ಕೀ ಉತ್ತರವನ್ನು ಮಧ್ಯಾಹ್ನದ ಪತ್ರಿಕೆ ಮುಗಿಯುವವರೆಗೆ ಮುಟ್ಟಬೇಡಿ. ಈ ಒಂದು ಸಂಯಮ ಪರೀಕ್ಷೆಯ ದಿನ ಬಹಳ ಉಪಯೋಗಕ್ಕೆ ಬರುತ್ತದೆ.

ರಫ್ ಕೆಲಸ ಪುಸ್ತಿಕೆಯ ಖಾಲಿ ಜಾಗದಲ್ಲಿ ಮಾತ್ರ. ಪಕ್ಕದಲ್ಲಿ ದೊಡ್ಡ ನೋಟ್‌ಬುಕ್ ಹರಡಿಕೊಂಡು ಲೆಕ್ಕ ಮಾಡುವ ಅಭ್ಯಾಸ ಇದ್ದರೆ ಈಗಲೇ ಬಿಡಿ. ಕ್ಯಾಲ್ಕುಲೇಟರ್ ಇಲ್ಲ, ಲಾಗ್ ಟೇಬಲ್ ಇಲ್ಲ. ಮಧ್ಯೆ ಎದ್ದು ಹೋಗುವುದಿಲ್ಲ. ಹತ್ತು ನಿಮಿಷ ಎದ್ದು ಬಂದ ಟೆಸ್ಟ್‌ನ ಅಂಕವನ್ನು ಪಟ್ಟಿಗೆ ಸೇರಿಸಬೇಡಿ, ಅದನ್ನು ಬರೀ ಅಭ್ಯಾಸ ಎಂದುಕೊಳ್ಳಿ.

ಕನ್ನಡ ಮಾಧ್ಯಮದವರಿಗೆ ಇಲ್ಲೊಂದು ಮಾತು. ನೀಟ್ ಕನ್ನಡದಲ್ಲೂ ಬರೆಯಬಹುದು, ಭಾಷೆಯ ಆಯ್ಕೆ ಅರ್ಜಿ ತುಂಬುವಾಗಲೇ ಆಗಬೇಕು. ಕನ್ನಡ ಮತ್ತು ಇಂಗ್ಲಿಷ್ ಪಾಠದಲ್ಲಿ ವ್ಯತ್ಯಾಸ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. ಮಾರುಕಟ್ಟೆಯ ಟೆಸ್ಟ್ ಸಿರೀಸ್‌ಗಳು ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಇರುವುದರಿಂದ, ಕನ್ನಡದಲ್ಲಿ ಬರೆಯುವವರು ಹಿಂದಿನ ವರ್ಷಗಳ ಕನ್ನಡ ಪುಸ್ತಿಕೆಗಳನ್ನು ಇನ್ನಷ್ಟು ಜೋಪಾನವಾಗಿ ಖರ್ಚು ಮಾಡಬೇಕು. ಪ್ರತಿ ಮಾಕ್‌ನಲ್ಲೂ ಅರ್ಥವಾಗದ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಜೋಡಿಯಾಗಿ ಬರೆದಿಟ್ಟುಕೊಳ್ಳಿ. ಸಂವೇಗವನ್ನು ಆವೇಗವೆಂದು, ವಿಭವವನ್ನು ವಿಭವಾಂತರವೆಂದು ಓದಿಕೊಂಡು ಅಂಕ ಕಳೆದುಕೊಳ್ಳುವುದು ಇಲ್ಲಿಯೇ.

ಹಂತ 4: ಸಮಯವನ್ನು ಮೊದಲೇ ಹಂಚಿ, ಮೂರು ಸುತ್ತಿನಲ್ಲಿ ಬರೆಯಿರಿ

ನೀಟ್‌ನಲ್ಲಿ ಪ್ರಶ್ನೆಗೆ ಒಂದು ನಿಮಿಷ ಎಂದು ಕಾಣುತ್ತದೆ, ನಿಜದಲ್ಲಿ ಅಷ್ಟಿಲ್ಲ. ಒಂದು ವೃತ್ತ ನೀಟಾಗಿ ತುಂಬಲು ಸುಮಾರು 5 ಸೆಕೆಂಡ್ ಬೇಕು ಎಂದುಕೊಂಡರೂ 180ಕ್ಕೆ 900 ಸೆಕೆಂಡ್, ಅಂದರೆ 15 ನಿಮಿಷ. ಉಳಿದದ್ದು 165. ಜೀವಶಾಸ್ತ್ರಕ್ಕೆ 45, ರಸಾಯನಶಾಸ್ತ್ರಕ್ಕೆ 45, ಭೌತಶಾಸ್ತ್ರಕ್ಕೆ 55, ಕೊನೆಯ ಸುತ್ತಿಗೆ 20 ನಿಮಿಷ ಎಂದು ಆರಂಭಿಸಿ, ನಾಲ್ಕೈದು ಮಾಕ್ ಆದ ಮೇಲೆ ನಿಮಗೆ ಹೊಂದುವ ಹಾಗೆ ತಿದ್ದಿಕೊಳ್ಳಿ. ವಿಷಯಗಳ ಕ್ರಮವನ್ನು ಎರಡೆರಡು ಟೆಸ್ಟ್‌ನಲ್ಲಿ ಪ್ರಯೋಗ ಮಾಡಿ ನೋಡಬಹುದು. ಆದರೆ ಕೊನೆಯ ಐದು ಮಾಕ್‌ಗಳಲ್ಲಿ ಕ್ರಮ ಬದಲಾಗಬಾರದು.

ಮೊದಲ ಸುತ್ತಿನಲ್ಲಿ ಓದಿದ ಕೂಡಲೇ ದಾರಿ ಹೊಳೆಯುವ ಪ್ರಶ್ನೆಗಳು. ಎರಡನೆಯದರಲ್ಲಿ ದಾರಿ ಗೊತ್ತು, ಲೆಕ್ಕ ಉದ್ದ ಎನ್ನುವಂಥವು. ಮೂರನೆಯದರಲ್ಲಿ ಉಳಿದವು. ಒಂದು ಪ್ರಶ್ನೆಯ ಮೇಲೆ 90 ಸೆಕೆಂಡ್ ಕಳೆದರೂ ದಾರಿ ಕಾಣದಿದ್ದರೆ ಗುರುತು ಹಾಕಿ ಮುಂದೆ ಹೋಗಿ. ‘ಇಷ್ಟು ಹೊತ್ತು ಕೊಟ್ಟಿದ್ದೇನೆ, ಇನ್ನೊಂದು ನಿಮಿಷ ಕೊಟ್ಟರೆ ಬಂದೇ ಬರುತ್ತದೆ’ ಎಂಬ ಹಟದಲ್ಲಿ ಭೌತಶಾಸ್ತ್ರದ ಒಂದು ಲೆಕ್ಕ ಜೀವಶಾಸ್ತ್ರದ ಐದು ಪ್ರಶ್ನೆಯನ್ನು ನುಂಗುತ್ತದೆ.

ಪುಸ್ತಿಕೆಯಲ್ಲಿ ಮೂರು ಗುರುತು ಸಾಕು. ಖಾತ್ರಿ ಇದ್ದರೆ ಸರಿ ಗುರುತು. ಎರಡು ಆಯ್ಕೆಗೆ ಇಳಿಸಿ ಒಂದನ್ನು ಆರಿಸಿದ್ದರೆ ತ್ರಿಕೋನ. ಬರೀ ಅಂದಾಜಿನ ಮೇಲೆ ತುಂಬಿದ್ದರೆ ಪ್ರಶ್ನಾರ್ಥಕ ಚಿಹ್ನೆ. ಈ ಗುರುತುಗಳಿಲ್ಲದೆ ಹಂತ 5 ಮತ್ತು 7 ನಡೆಯುವುದಿಲ್ಲ. ಓಎಂಆರ್ ಹಾಳೆಯ ಮೇಲೆ ಮಾತ್ರ ಇಂಥ ಯಾವ ಗುರುತೂ ಬೀಳಬಾರದು.

ಓಎಂಆರನ್ನು ಕೊನೆಗೆ ಒಟ್ಟಿಗೆ ತುಂಬುತ್ತೇನೆ ಎನ್ನುವವರು ಎರಡು ಬಗೆಯಲ್ಲಿ ಕೆಡುತ್ತಾರೆ: ಸಮಯ ಸಾಲುವುದಿಲ್ಲ, ಅಥವಾ ಒಂದು ಸಾಲು ಜಾರಿ 73ರ ಉತ್ತರ 74ಕ್ಕೆ ಬಿದ್ದು ಅಲ್ಲಿಂದ ಮುಂದೆ ಎಲ್ಲವೂ ತಪ್ಪು. ಒಂದೊಂದೇ ಪ್ರಶ್ನೆಗೆ ತುಂಬುವುದೂ ಗಮನ ಕತ್ತರಿಸುತ್ತದೆ. ಎದುರುಬದುರಾದ ಎರಡು ಪುಟ ಮುಗಿದ ಕೂಡಲೇ ಆ ಪುಟಗಳ ಉತ್ತರ ತುಂಬುವುದು ನಡುವಿನ ದಾರಿ. ಬಿಟ್ಟ ಪ್ರಶ್ನೆಯ ಸಂಖ್ಯೆಯನ್ನು ಪುಸ್ತಿಕೆಯಲ್ಲಿ ದೊಡ್ಡದಾಗಿ ಸುತ್ತು ಹಾಕಿ, ಸಾಲು ಜಾರುವುದು ಹೆಚ್ಚಾಗಿ ಬಿಟ್ಟ ಪ್ರಶ್ನೆಯ ಮರುಕ್ಷಣ.

ಹಂತ 5: ಅಂಕ ಎಣಿಸುವ ಮೊದಲು ಮತ್ತೆ ಬಿಡಿಸಿ

ಇಲ್ಲಿ ಹತ್ತಕ್ಕೆ ಒಂಬತ್ತು ಜನ ತಪ್ಪು ಮಾಡುತ್ತಾರೆ. ಟೆಸ್ಟ್ ಮುಗಿದು ಒಂದು ಗಂಟೆ ವಿಶ್ರಾಂತಿ. ಆಮೇಲೆ ಮನೆಯವರ ಅಥವಾ ಗೆಳೆಯರ ಕೈಗೆ ಓಎಂಆರ್ ಮತ್ತು ಕೀ ಕೊಟ್ಟು, ಯಾವ ಪ್ರಶ್ನೆಗಳು ತಪ್ಪಿವೆ ಎಂಬ ಸಂಖ್ಯೆಗಳನ್ನು ಮಾತ್ರ ಬರೆಸಿಕೊಳ್ಳಿ. ಸರಿ ಉತ್ತರ ಯಾವುದು ಎಂದು ಅವರು ಹೇಳಬಾರದು. ಯಾರೂ ಇಲ್ಲದಿದ್ದರೆ ನೀವೇ ನೋಡಿ, ಆದರೆ ಪುಸ್ತಿಕೆ ಮುಚ್ಚಿಟ್ಟು ಓಎಂಆರ್ ಮತ್ತು ಕೀ ಮಾತ್ರ ಎದುರಿಟ್ಟುಕೊಳ್ಳಿ. ತಾಳೆ ಹಾಕುವುದು ಯಾವಾಗಲೂ ಓಎಂಆರ್‌ನಿಂದಲೇ. ಪುಸ್ತಿಕೆಯಲ್ಲಿ ಗುರುತು ಹಾಕಿದ ಉತ್ತರದಿಂದ ಅಂಕ ಎಣಿಸಿದರೆ ವೃತ್ತ ತುಂಬುವಲ್ಲಿ ಆದ ತಪ್ಪು ಎಂದೂ ಬೆಳಕಿಗೆ ಬರುವುದಿಲ್ಲ.

ಈಗ ತಪ್ಪಿದ ಮತ್ತು ಬಿಟ್ಟ ಎಲ್ಲ ಪ್ರಶ್ನೆಗಳನ್ನು ಗಡಿಯಾರ ನೋಡದೆ, ವಿವರಣೆ ಓದದೆ, ಇನ್ನೊಮ್ಮೆ ಬಿಡಿಸಿ. ಇದಕ್ಕೆ ಒಂದೂವರೆ ಗಂಟೆ ಹಿಡಿಯಬಹುದು, ಹಿಡಿಯಲಿ. ಈಗ ಸರಿ ಬಂದ ಪ್ರಶ್ನೆ ನಿಮಗೆ ಗೊತ್ತಿದ್ದ ಪ್ರಶ್ನೆ: ಅವಸರ, ಓದುವ ತಪ್ಪು ಅಥವಾ ಒತ್ತಡ ಅದನ್ನು ಕಿತ್ತುಕೊಂಡಿತು. ಈಗಲೂ ತಪ್ಪಿದ್ದು ಪಾಠದ ಕೊರತೆ. ಎರಡಕ್ಕೂ ಮದ್ದು ಬೇರೆ ಬೇರೆ. ವಿವರಣೆಯನ್ನು ಮೊದಲೇ ಓದಿಬಿಟ್ಟರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ, ಎಲ್ಲವೂ ‘ಓ, ಇದು ನನಗೆ ಗೊತ್ತಿತ್ತಲ್ಲ’ ಎಂದೇ ಅನ್ನಿಸುತ್ತದೆ.

ಮರುದಿನ ತ್ರಿಕೋನ ಮತ್ತು ಪ್ರಶ್ನಾರ್ಥಕ ಗುರುತಿನ ಸರಿ ಉತ್ತರಗಳನ್ನೂ ನೋಡಿ. ಅದೃಷ್ಟದಿಂದ ಬಂದ ನಾಲ್ಕು ಅಂಕ ಮುಂದಿನ ಬಾರಿ ಕೈ ಕೊಡುತ್ತದೆ. ಸರಿ ಬಂದರೂ ಮೂರು ನಿಮಿಷ ತಿಂದ ಲೆಕ್ಕಗಳಿಗೆ ಗಿಡ್ಡ ದಾರಿ ಇದೆಯೇ ಎಂದು ಉಪನ್ಯಾಸಕರನ್ನು ಕೇಳಿ.

ಹಂತ 6: ತಪ್ಪುಗಳ ಪುಸ್ತಕ ಬರೆಯಿರಿ

ಪ್ರತಿ ತಪ್ಪಿಗೂ ಒಂದು ಕಾರಣ ಹಚ್ಚಿ. ಐದು ಬಗೆ ಸಾಕು: ಪಾಠ ಗೊತ್ತಿಲ್ಲ, ಎರಡರಲ್ಲಿ ಗೊಂದಲ, ಪ್ರಶ್ನೆ ತಪ್ಪಾಗಿ ಓದಿದ್ದು, ಲೆಕ್ಕದ ತಪ್ಪು, ಓಎಂಆರ್ ತಪ್ಪು. ‘ಸಿಲ್ಲಿ ಮಿಸ್ಟೇಕ್’ ಎಂಬ ಆರನೆಯ ಬಗೆ ಬೇಡ. ಆ ಹೆಸರಿನ ಕೆಳಗೆ ಎಲ್ಲವನ್ನೂ ತುರುಕಿ ನಿರಾಳವಾಗಿಬಿಡುತ್ತೇವೆ.

ನೋಟ್‌ಬುಕ್‌ನಲ್ಲಿ ಇಡೀ ಪರಿಹಾರ ನಕಲು ಮಾಡಬೇಡಿ. ಎಡವಿದ ಜಾಗ ಎರಡು ಸಾಲಿನಲ್ಲಿ ಬರಬೇಕು. ಮಾದರಿಗೆ:

ಟೆಸ್ಟ್ 4, ಪ್ರಶ್ನೆ 37, ವಿದ್ಯುತ್ ಪ್ರವಾಹ. ಸಮಾಂತರ ಜೋಡಣೆಯಲ್ಲಿ ಯಾವ ರೋಧಕ ಹೆಚ್ಚು ಶಕ್ತಿ ವ್ಯಯಿಸುತ್ತದೆ ಎಂದು ಕೇಳಿದಾಗ ಪ್ರವಾಹದ ವರ್ಗ ಗುಣಿಸು ರೋಧ ಬಳಸಿ, ಪ್ರವಾಹ ಎರಡರಲ್ಲೂ ಸಮಾನ ಎಂದುಕೊಂಡೆ. ಸಮಾನ ಇರುವುದು ವಿಭವಾಂತರ, ಹಾಗಾಗಿ ರೋಧ ಕಡಿಮೆ ಇರುವುದರಲ್ಲೇ ಹೆಚ್ಚು.

ಟೆಸ್ಟ್ 4, ಪ್ರಶ್ನೆ 68, ಅನಿಲ ನಿಯಮ. ಸೆಲ್ಸಿಯಸ್ ಉಷ್ಣತೆಯನ್ನು ಕೆಲ್ವಿನ್‌ಗೆ ತರಲಿಲ್ಲ. ಟೆಸ್ಟ್ 2ರಲ್ಲೂ ಇದೇ.

ಆ ಕೊನೆಯ ‘ಇದೇ’ ಎಂಬ ಮಾತಿಗಾಗಿಯೇ ಈ ಪುಸ್ತಕ. ಮೂರು ಟೆಸ್ಟ್ ದಾಟುವಷ್ಟರಲ್ಲಿ ನಿಮ್ಮ ತಪ್ಪುಗಳು ನೂರಾರು ಅಲ್ಲ, ಹತ್ತೋ ಹದಿನೈದೋ ತಪ್ಪುಗಳೇ ವೇಷ ಬದಲಿಸಿ ಬರುತ್ತಿವೆ ಎಂದು ಕಾಣುತ್ತದೆ.

ಈಗ ಲೆಕ್ಕ ನೋಡಿ. ಒಬ್ಬ ವಿದ್ಯಾರ್ಥಿ ನೀಟ್ ಮಾಕ್‌ನಲ್ಲಿ 118 ಸರಿ, 42 ತಪ್ಪು, 20 ಖಾಲಿ ಬಿಟ್ಟಿದ್ದಾನೆ ಎಂದಿಟ್ಟುಕೊಳ್ಳಿ. 472ರಲ್ಲಿ 42 ಕಳೆದು 430 ಅಂಕ. 42 ತಪ್ಪಿನಲ್ಲಿ ಪಾಠ ಗೊತ್ತಿಲ್ಲದ್ದು 17, ಗೊಂದಲ 11, ತಪ್ಪಾಗಿ ಓದಿದ್ದು 9, ಓಎಂಆರ್ 3, ಲೆಕ್ಕ 2. ನೀಟ್‌ನಲ್ಲಿ ಒಂದು ತಪ್ಪು ಸರಿಯಾದರೆ ಬರುವುದು 4 ಅಲ್ಲ, 5 ಅಂಕ, ಕಳೆಯುತ್ತಿದ್ದ ಒಂದೂ ಉಳಿಯುತ್ತದಲ್ಲ. ತಪ್ಪಾಗಿ ಓದಿದ್ದು ಮತ್ತು ಓಎಂಆರ್ ಸೇರಿ 12 ಪ್ರಶ್ನೆ, 60 ಅಂಕ. ಹೊಸದಾಗಿ ಒಂದು ಪುಟವನ್ನೂ ಓದದೆ 490ಕ್ಕೆ ಹೋಗುವ ದಾರಿ ಇದು. ಇಂಥವನು ಮುಂದಿನ ವಾರ ಹೊಸ ಅಧ್ಯಾಯ ಹಿಡಿಯುವುದಕ್ಕಿಂತ, ಪ್ರಶ್ನೆಯಲ್ಲಿ ‘ತಪ್ಪಾದ’, ‘ಹೊರತುಪಡಿಸಿ’, ‘ಹೊಂದಿಕೆಯಾಗದ’ ಎಂಬ ಪದಗಳ ಕೆಳಗೆ ಗೆರೆ ಎಳೆದೇ ಮುಂದೆ ಹೋಗುವ ಅಭ್ಯಾಸವನ್ನು ಜೀವಶಾಸ್ತ್ರದ 90 ಪ್ರಶ್ನೆಗಳ ಮೇಲೆ ಮಾಡಬೇಕು.

ಮೂರು ದಿನ ಬಿಟ್ಟು, ಮತ್ತೆ ಹತ್ತು ದಿನ ಬಿಟ್ಟು, ಪುಸ್ತಕದ ಪ್ರಶ್ನೆಗಳನ್ನು ಉತ್ತರ ಮುಚ್ಚಿ ಬಿಡಿಸಿ. ಎರಡು ಸಲವೂ ಸರಿ ಬಂದರೆ ಗೀಟು ಹಾಕಿ. ಪುಸ್ತಕ ಓದುತ್ತಾ ತಲೆಯಾಡಿಸುವುದು ಬಿಡಿಸಿದ ಹಾಗಲ್ಲ.

ಹಂತ 7: ಅಂದಾಜಿನ ಉತ್ತರದ ಲೆಕ್ಕ ಇಡಿ

ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. ಹೀಗಾಗಿ ಒಂದು ವೃತ್ತವೂ ಖಾಲಿ ಇರಬಾರದು, ಮಾಕ್‌ನಲ್ಲೂ. ಕೊನೆಯ ಎರಡು ನಿಮಿಷ ಉಳಿದವನ್ನೆಲ್ಲ ತುಂಬುವುದಕ್ಕೇ ಮೀಸಲು. ಆದರೆ ಮಾಕ್‌ನ ಅಂಕ ಓದುವಾಗ ಪ್ರಶ್ನಾರ್ಥಕ ಗುರುತಿನ ಸರಿ ಉತ್ತರಗಳನ್ನು ಬೇರೆಯಾಗಿ ಬರೆಯಿರಿ. 60ಕ್ಕೆ 38 ಬಂದು ಅದರಲ್ಲಿ 5 ಅಂದಾಜಿನದ್ದಾದರೆ ನಿಮ್ಮ ನಿಜವಾದ ಗಳಿಕೆ 33.

ನೀಟ್‌ನಲ್ಲಿ ಸರಿಗೆ 4, ತಪ್ಪಿಗೆ ಒಂದು ಕಳೆಯುತ್ತಾರೆ. ಕಣ್ಣು ಮುಚ್ಚಿ ತುಂಬಿದರೆ ನಾಲ್ಕರಲ್ಲಿ ಒಂದು ಸರಿ, ಮೂರು ತಪ್ಪು: ನಾಲ್ಕು ಪ್ರಶ್ನೆಗೆ ಒಂದು ಅಂಕ ಲಾಭ, ಪ್ರಶ್ನೆಗೆ 0.25. ಒಂದು ಆಯ್ಕೆ ಹೊಡೆದುಹಾಕಿದ್ದರೆ ಸರಾಸರಿ ಸುಮಾರು 0.67, ಎರಡು ಹೊಡೆದುಹಾಕಿದ್ದರೆ 1.5. ಕಾಗದದ ಮೇಲೆ ಎಲ್ಲವೂ ಲಾಭವೇ. ಕಷ್ಟ ಏನೆಂದರೆ, ಮನುಷ್ಯ ಕಣ್ಣು ಮುಚ್ಚಿ ತುಂಬುವುದಿಲ್ಲ. ಪತ್ರಿಕೆ ತಯಾರಿಸುವವರು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪಿನ ಉತ್ತರವನ್ನೇ ಆಯ್ಕೆಯಾಗಿ ಇಟ್ಟಿರುತ್ತಾರೆ, ‘ಯಾಕೋ ಇದೇ ಅನ್ನಿಸುತ್ತಿದೆ’ ಎಂದು ಕೈ ಹೋಗುವುದು ಅಲ್ಲಿಗೇ. ಐದರಲ್ಲಿ ಒಂದಕ್ಕಿಂತ ಕಡಿಮೆ ಸರಿ ಬಂದರೆ ನಷ್ಟ ಶುರು.

ಆದ್ದರಿಂದ ಬೇರೆಯವರ ಸಲಹೆ ಬೇಡ, ನಿಮ್ಮದೇ ಲೆಕ್ಕ ನೋಡಿ. ಐದು ಮಾಕ್‌ಗಳ ತ್ರಿಕೋನ ಗುರುತುಗಳನ್ನು ಕೂಡಿಸಿ. 40 ತ್ರಿಕೋನದಲ್ಲಿ 22 ಸರಿ ಇದ್ದರೆ 88ರಲ್ಲಿ 18 ಕಳೆದು 70 ಅಂಕ ಲಾಭ, ಹಾಗಾದರೆ ಎರಡಕ್ಕೆ ಇಳಿದ ಪ್ರಶ್ನೆಯನ್ನು ಎಂದೂ ಬಿಡಬೇಡಿ. ಅದೇ 30 ಪ್ರಶ್ನಾರ್ಥಕದಲ್ಲಿ 4 ಮಾತ್ರ ಸರಿ ಇದ್ದರೆ 16ರಲ್ಲಿ 26 ಕಳೆದು 10 ಅಂಕ ನಷ್ಟ, ಅಂಥವನ್ನು ಖಾಲಿ ಬಿಡಿ. ವಿಷಯವಾರು ಎಣಿಸಿದರೆ ಇನ್ನೂ ಒಳ್ಳೆಯದು. ಜೀವಶಾಸ್ತ್ರದಲ್ಲಿ ಅಂದಾಜು ಫಲಿಸುವವರಿಗೆ ಭೌತಶಾಸ್ತ್ರದಲ್ಲಿ ಅದು ಕೈಕೊಡಬಹುದು.

ಹಂತ 8: ಜೆಇಇ ಮೇನ್ ಬರೆಯುವವರಿಗೆ ಬದಲಾಗುವುದು

ಇದು ಕಂಪ್ಯೂಟರ್ ಪರೀಕ್ಷೆ: 75 ಪ್ರಶ್ನೆ, 300 ಅಂಕ, 3 ಗಂಟೆ. ಮುದ್ರಿತ ಪತ್ರಿಕೆ ಬಿಟ್ಟು ಪರದೆಯ ಮೇಲೇ ಮಾಕ್ ಬರೆಯಿರಿ, ಅದೂ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಅಲ್ಲ, ಮೌಸ್ ಹಿಡಿದು. ಸಂಖ್ಯೆ ರೂಪದ ಉತ್ತರಗಳನ್ನು ಪರದೆಯ ಮೇಲಿನ ಕೀಲಿಗಳಿಂದಲೇ ತುಂಬಬೇಕು. ಪರದೆಯ ಲೆಕ್ಕವನ್ನು ಕಾಗದಕ್ಕೆ ಇಳಿಸುವಾಗ ಅಂಕಿ ತಪ್ಪುವುದು ಇಲ್ಲಿನ ದೊಡ್ಡ ತೊಂದರೆ, ರಫ್ ಹಾಳೆಯಲ್ಲಿ ಪ್ರಶ್ನೆ ಸಂಖ್ಯೆ ಬರೆದೇ ಲೆಕ್ಕ ಆರಂಭಿಸಿ. ಉತ್ತರ ಆರಿಸಿ ‘ಮತ್ತೆ ನೋಡುವೆ’ ಎಂದು ಗುರುತಿಟ್ಟ ಪ್ರಶ್ನೆಯೂ ಮೌಲ್ಯಮಾಪನಕ್ಕೆ ಹೋಗುತ್ತದೆ. ಖಾತ್ರಿಯಿಲ್ಲದ ಉತ್ತರವನ್ನು ಹಾಗೆ ಬಿಟ್ಟು ಮರೆತರೆ ಅಂಕ ಕಳೆಯುತ್ತದೆ.

ಹಂತ 9: ಅಂಕವನ್ನು ಓದುವ ರೀತಿ

ಒಂದು ಮಾಕ್‌ನ ಅಂಕಕ್ಕೆ ಅರ್ಥ ಕಡಿಮೆ. ಒಂದೇ ಸಿರೀಸ್‌ನ ಕೊನೆಯ ಮೂರು ಟೆಸ್ಟ್‌ಗಳ ಸರಾಸರಿ ನೋಡಿ, ಅದನ್ನು ಹಿಂದಿನ ಮೂರರ ಸರಾಸರಿಯ ಜೊತೆ ಹೋಲಿಸಿ. ಬೇರೆ ಬೇರೆ ಸಂಸ್ಥೆಯ ಪತ್ರಿಕೆಗಳ ಅಂಕವನ್ನು ಒಂದೇ ಸಾಲಿನಲ್ಲಿ ಬರೆಯಬೇಡಿ. ನಿಜ ಪರೀಕ್ಷೆಯೇ ವರ್ಷದಿಂದ ವರ್ಷಕ್ಕೆ ಎಷ್ಟು ಹೊಯ್ದಾಡುತ್ತದೆ ನೋಡಿ: ನೀಟ್ 2024ರಲ್ಲಿ 720ಕ್ಕೆ 720 ಪಡೆದವರೇ ಹಲವರು, 2025ರಲ್ಲಿ ದೇಶಕ್ಕೆ ಮೊದಲ ಸ್ಥಾನದ ಅಂಕ 686. ‘ಇಷ್ಟು ಅಂಕಕ್ಕೆ ಇಷ್ಟನೇ ರ‍್ಯಾಂಕ್’ ಎಂದು ಹೇಳುವ ಆ್ಯಪ್‌ಗಳನ್ನು ಮಾಕ್ ಅಂಕ ಹಿಡಿದು ನೋಡುವುದು ಸಮಯ ಹಾಳು.

ಅಂಕಕ್ಕಿಂತ ಮುಖ್ಯವಾಗಿ ಗಮನಿಸಬೇಕಾದ ಅಪಾಯದ ಸೂಚನೆಗಳು ಇವು.

ಮೂರನೇ ಗಂಟೆಯಲ್ಲಿ ಬರೆದ ಪ್ರಶ್ನೆಗಳಲ್ಲಿ ತಪ್ಪು ಗುಂಪುಗುಂಪಾಗಿ ಬರುತ್ತಿದ್ದರೆ ಅದು ಪಾಠದ ಕೊರತೆಯಲ್ಲ, ದಣಿವು. ವಿಷಯದ ಕ್ರಮ ಬದಲಿಸಿ, ನಿದ್ದೆ ಸರಿಮಾಡಿಕೊಳ್ಳಿ. ‘ಪಾಠ ಗೊತ್ತಿಲ್ಲ’ ಎಂಬ ಪಟ್ಟಿ ಮೂರು ಟೆಸ್ಟ್ ಕಳೆದರೂ ಇಳಿಯದಿದ್ದರೆ ಮಾಕ್ ನಿಲ್ಲಿಸಿ, ಒಂದು ವಾರ ಆ ಅಧ್ಯಾಯಗಳಿಗೇ ಕೊಡಿ. ಅಂಕ ಏರುತ್ತಿದೆ, ಆದರೆ ಪ್ರಶ್ನೆ ಓದುವ ಮೊದಲೇ ಉತ್ತರ ನೆನಪಾಗುತ್ತಿದೆ ಎಂದಾದರೆ ಆ ಪತ್ರಿಕೆ ಹಳಸಿದೆ, ಅದರ ಅಂಕ ಲೆಕ್ಕಕ್ಕಿಲ್ಲ. ತಪ್ಪಿನ ಭಯದಿಂದ ಖಾಲಿ ಬಿಡುವುದು 20ರಿಂದ 35ಕ್ಕೆ ಏರಿದೆಯೇ? ಹಂತ 7ರ ಲೆಕ್ಕ ಮತ್ತೆ ಮಾಡಿ. ಟೆಸ್ಟ್‌ನ ಹಿಂದಿನ ರಾತ್ರಿ ಹೊಟ್ಟೆ ಕೆಡುವುದು, ಮಾಕ್‌ಗೆ ನೆಪ ಹೇಳಿ ತಪ್ಪಿಸಿಕೊಳ್ಳುವುದು ಶುರುವಾಗಿದ್ದರೆ ಟೆಸ್ಟ್‌ಗಳ ಸಂಖ್ಯೆ ಅರ್ಧಕ್ಕೆ ಇಳಿಸಿ. ಈ ಹೊತ್ತಿನಲ್ಲಿ ತಂದೆತಾಯಂದಿರು ‘ಎಷ್ಟು ಬಂತು?’ ಎನ್ನುವ ಬದಲು ‘ಯಾವುದು ಸರಿಹೋಯಿತು?’ ಎಂದು ಕೇಳಿದರೆ ಉಪಕಾರವಾಗುತ್ತದೆ.

ಹಂತ 10: ಕೊನೆಯ ಹದಿನೈದು ದಿನ

ಅಂಟಿಸಿಟ್ಟ ಲಕೋಟೆಗಳನ್ನು ಈಗ ತೆರೆಯಿರಿ. ಪರೀಕ್ಷೆಗೆ 14, 9 ಮತ್ತು 5 ದಿನ ಮೊದಲು ಒಂದೊಂದು. ಹೊಸ ಸಿರೀಸ್, ಹೊಸ ತಂತ್ರ, ಹೊಸ ಕ್ರಮ ಯಾವುದೂ ಬೇಡ. ಇದೇ ವಾರ ಗೆಳೆಯರು ಕಳಿಸುವ ‘ಅತಿ ಕಠಿಣ 100 ಪ್ರಶ್ನೆ’ಗಳ ಪಿಡಿಎಫ್‌ಗಳನ್ನು ತೆರೆಯದೆ ಬಿಡಿ.

ಕೊನೆಯ ನಾಲ್ಕು ದಿನ ಪೂರ್ಣ ಮಾಕ್ ಇಲ್ಲ. ತಪ್ಪುಗಳ ಪುಸ್ತಕದಲ್ಲಿ ಗೀಟು ಬೀಳದೆ ಉಳಿದವು ಮಾತ್ರ, ದಿನಕ್ಕೆ ಎರಡು ಸಲ. ಮಧ್ಯಾಹ್ನ 2ಕ್ಕೆ ಅಥವಾ ಬೆಳಗ್ಗೆ 10.30ಕ್ಕೆ ಕೂತು, ಹಿಂದೆ ಸರಿಯಾಗಿ ಬಿಡಿಸಿದ ಪತ್ರಿಕೆಯಿಂದ 30 ಪ್ರಶ್ನೆ ಬಿಡಿಸಿ, ಓಎಂಆರ್ ತುಂಬಿ ಏಳಿ. ಅಂಕ ಎಣಿಸುವ ಅಗತ್ಯವಿಲ್ಲ, ಕೈ ಮತ್ತು ಕಣ್ಣು ಆ ಹೊತ್ತಿಗೆ ಹದವಾಗಿದ್ದರೆ ಸಾಕು. ಹಿಂದಿನ ದಿನ ಪ್ರವೇಶಪತ್ರ, ಗುರುತಿನ ಚೀಟಿ, ಫೋಟೊ ಜೋಡಿಸಿಟ್ಟು, ಪುಸ್ತಕದ ಕೊನೆಯ ಪುಟದಲ್ಲಿ ನಿಮ್ಮ ವಿಷಯವಾರು ನಿಮಿಷಗಳನ್ನು ಒಮ್ಮೆ ನೋಡಿ ಮುಚ್ಚಿಬಿಡಿ.